ಗೆರೆಗೂ ಗಲಭೆಗೂ ನಡುವೆ: ವ್ಯಂಗ್ಯಚಿತ್ರ ವಿವಾದಗಳಲ್ಲಿ ಕಾನೂನು ಎಲ್ಲಿ ಎಡವುತ್ತದೆ

2025ರ ಜೂನ್ 26ರ ಸಂಚಿಕೆಯಲ್ಲಿ ಇಸ್ತಾಂಬುಲ್‌ನ ವಿಡಂಬನಾ ಪತ್ರಿಕೆ ‘ಲೆಮಾನ್’ ಒಂದು ವ್ಯಂಗ್ಯಚಿತ್ರ ಹಾಕಿತು. ಕೆಳಗೆ ಬಾಂಬ್ ಬೀಳುತ್ತಿರುವ ಊರು. ಮೇಲೆ ಆಕಾಶದಲ್ಲಿ ಇಬ್ಬರು ಕೈಕುಲುಕಿ ಪರಿಚಯ ಮಾಡಿಕೊಳ್ಳುತ್ತಿದ್ದಾರೆ. ಒಬ್ಬನ ಹೆಸರು ಮುಹಮ್ಮದ್, ಇನ್ನೊಬ್ಬನದು ಮೂಸಾ. ಜೂನ್ 30ರಂದು ಪತ್ರಿಕೆಯ ಕಚೇರಿಯತ್ತ ಜನ ನುಗ್ಗಿದರು, ಅದೇ ದಿನ ಚಿತ್ರಕಾರ ಪೊಲೀಸರ ವಶವಾದರು. ಆತನನ್ನು ಎಳೆದೊಯ್ಯುವ ವಿಡಿಯೊವನ್ನು ಟರ್ಕಿಯ ಗೃಹ ಸಚಿವರೇ ಹಂಚಿಕೊಂಡರು. ಚಿತ್ರದಲ್ಲಿರುವುದು ಪ್ರವಾದಿಯಲ್ಲ, ದಾಳಿಯಲ್ಲಿ ಸತ್ತ ಒಬ್ಬ ಸಾಮಾನ್ಯ ಮುಸ್ಲಿಮ ಎಂದು ಪತ್ರಿಕೆ ಹೇಳಿದ್ದನ್ನು ಕೇಳುವವರೇ ಇರಲಿಲ್ಲ.

ಮರುತಿಂಗಳು ನಮ್ಮಲ್ಲಿ ಇಂದೋರ್‌ನ ವ್ಯಂಗ್ಯಚಿತ್ರಕಾರ ಹೇಮಂತ್ ಮಾಳವೀಯ ಅವರ ಪ್ರಕರಣ ಸುದ್ದಿಯಾಯಿತು. ಪ್ರಧಾನಿ ಮತ್ತು ಆರ್‌ಎಸ್‌ಎಸ್ ಕುರಿತು ಅವರು 2021ರಲ್ಲಿ ಬರೆದ ಚಿತ್ರದ ಮೇಲೆ 2025ರಲ್ಲಿ ದೂರು ದಾಖಲಾಯಿತು. ಧಾರ್ಮಿಕ ಭಾವನೆಗೆ ಧಕ್ಕೆ ತಂದ ಆರೋಪವೂ ಅದರಲ್ಲಿತ್ತು. ಮಧ್ಯಪ್ರದೇಶ ಹೈಕೋರ್ಟ್ ನಿರೀಕ್ಷಣಾ ಜಾಮೀನು ನಿರಾಕರಿಸಿತು, ಸುಪ್ರೀಂ ಕೋರ್ಟ್ ಬಂಧನದಿಂದ ಮಧ್ಯಂತರ ರಕ್ಷಣೆ ಕೊಟ್ಟಿತು. ಇತ್ತ, ಇಂಥ ವಿವಾದಗಳ ತವರೆನ್ನಬಹುದಾದ ಡೆನ್ಮಾರ್ಕ್‌ನಲ್ಲಿ ಪ್ರವಾದಿಯ ಚಿತ್ರ ಬರೆಯುವುದು ಇಂದಿಗೂ ಅಪರಾಧವಲ್ಲ. ಕುರಾನ್ ಸುಡುವುದು ಮಾತ್ರ 2023ರಿಂದ ಅಪರಾಧ.

ಒಂದೊಂದು ಕಡೆ ಒಂದೊಂದು ನ್ಯಾಯವೇ ಎಂದು ಓದುಗರಿಗೆ ಅನಿಸುವುದು ಸಹಜ. ಚಿತ್ರವನ್ನೇ ನೋಡುತ್ತ ಕುಳಿತರೆ ಈ ಗೊಂದಲ ಬಗೆಹರಿಯುವುದಿಲ್ಲ. ಅಚ್ಚಾದ ಗಳಿಗೆಯಿಂದ ಬೀದಿಗೆ ಬರುವ ಗಳಿಗೆಯವರೆಗೆ ಅದನ್ನು ಯಾರು ಹೊತ್ತೊಯ್ದರು, ಆಳುವವರು ಆ ಅವಧಿಯಲ್ಲಿ ಏನು ಮಾಡಿದರು ಎಂದು ನೋಡಿದರೆ ಬಹಳಷ್ಟು ತಿಳಿಯಾಗುತ್ತದೆ.

ಹನ್ನೆರಡು ಚಿತ್ರ, ನಾಲ್ಕು ತಿಂಗಳು

2005ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕ್‌ನ ಮಕ್ಕಳ ಪುಸ್ತಕದ ಲೇಖಕರೊಬ್ಬರು, ಪ್ರವಾದಿಯ ಕುರಿತ ತಮ್ಮ ಪುಸ್ತಕಕ್ಕೆ ಚಿತ್ರ ಬರೆಯಲು ಕಲಾವಿದರು ಹೆದರುತ್ತಿದ್ದಾರೆ ಎಂದರು. ಇದನ್ನು ಹಿಡಿದುಕೊಂಡ ‘ಯುಲ್ಲಾಂಡ್ಸ್ ಪೋಸ್ಟನ್’ ಪತ್ರಿಕೆಯ ಸಂಸ್ಕೃತಿ ವಿಭಾಗದ ಸಂಪಾದಕ ಫ್ಲೆಮಿಂಗ್ ರೋಸ್, ನೀವು ಕಂಡಂತೆ ಮುಹಮ್ಮದರನ್ನು ಚಿತ್ರಿಸಿ ಎಂದು ಸುಮಾರು 40 ಚಿತ್ರಕಾರರಿಗೆ ಪತ್ರ ಬರೆದರು. ಬಂದದ್ದು 12. ಸೆಪ್ಟೆಂಬರ್ 30ರಂದು ಅವು ಅಚ್ಚಾದವು.

ಆ 12 ಚಿತ್ರಗಳು ಒಂದೇ ಬಗೆಯವಾಗಿರಲಿಲ್ಲ ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಪೇಟದಲ್ಲಿ ಬಾಂಬ್ ಇಟ್ಟ ಕರ್ಟ್ ವೆಸ್ಟರ್‌ಗಾರ್ಡ್ ಅವರ ಚಿತ್ರವೇ ಎಲ್ಲರ ನೆನಪಿನಲ್ಲಿ ಉಳಿದಿದೆ. ಇನ್ನೊಂದರಲ್ಲಿ ಮುಹಮ್ಮದ್ ಹೆಸರಿನ ಶಾಲಾ ಹುಡುಗನೊಬ್ಬ ಕರಿಹಲಗೆಯ ಮೇಲೆ ಪರ್ಷಿಯನ್ ಲಿಪಿಯಲ್ಲಿ ಪತ್ರಿಕೆಯ ಸಂಪಾದಕರನ್ನೇ ಬೈದು ಬರೆದಿದ್ದಾನೆ! ಮತ್ತೊಂದು ಚಿತ್ರ, ಇದೆಲ್ಲ ಆ ಲೇಖಕರ ಪ್ರಚಾರದ ಗಿಮಿಕ್ ಎಂದು ನಕ್ಕಿತ್ತು. ಕರೆ ಕೊಟ್ಟ ಪತ್ರಿಕೆಯನ್ನೂ ಆ ಲೇಖಕರನ್ನೂ ಗೇಲಿ ಮಾಡಿದ ಈ ಚಿತ್ರಗಳು ಮುಂದೆ ನಡೆದ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಬೆಂಕಿ ಕೂಡಲೇ ಹತ್ತಿಕೊಳ್ಳಲಿಲ್ಲ. ಅಕ್ಟೋಬರ್ 14ರಂದು ಕೋಪನ್‌ಹೇಗನ್‌ನಲ್ಲಿ ಕೆಲವು ಸಾವಿರ ಜನರ ಪ್ರತಿಭಟನೆ ಶಾಂತವಾಗಿಯೇ ನಡೆಯಿತು. 11 ದೇಶಗಳ ರಾಯಭಾರಿಗಳು ಭೇಟಿಗೆ ಸಮಯ ಕೇಳಿದರು. ಪತ್ರಿಕೆಗಳ ಮೇಲೆ ಸರ್ಕಾರಕ್ಕೆ ಹಿಡಿತವಿಲ್ಲ ಎಂದು ಪ್ರಧಾನಿ ಆಂಡರ್ಸ್ ಫೋ ರಾಸ್ಮುಸೆನ್ ಭೇಟಿಯನ್ನೇ ನಿರಾಕರಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅದೇ ಮಾತನ್ನು ಎದುರು ಕೂರಿಸಿಕೊಂಡು ಹೇಳಬಹುದಿತ್ತು. ಅದೇ ತಿಂಗಳು, ರಂಜಾನ್ ಹೊತ್ತಿನಲ್ಲಿ, ಈಜಿಪ್ಟಿನ ‘ಅಲ್ ಫಜ್ರ್’ ಪತ್ರಿಕೆ ಕೆಲವು ಚಿತ್ರಗಳನ್ನು ಖಂಡನೆಯೊಂದಿಗೆ ಮರುಮುದ್ರಿಸಿತು. ಕೈರೋದಲ್ಲಿ ಒಂದು ಕಲ್ಲೂ ಬೀಳಲಿಲ್ಲ.

ಡಿಸೆಂಬರ್‌ನಲ್ಲಿ ಡೆನ್ಮಾರ್ಕ್‌ನ ಕೆಲವು ಇಮಾಮರು ಒಂದು ಕಡತ ಹಿಡಿದು ಈಜಿಪ್ಟ್, ಲೆಬನಾನ್‌ಗೆ ಹೋದರು. ಅದರಲ್ಲಿ ಪತ್ರಿಕೆಯ 12 ಚಿತ್ರಗಳ ಜತೆ, ಪತ್ರಿಕೆಯಲ್ಲಿ ಎಂದೂ ಬಾರದ, ಅವಕ್ಕಿಂತ ಎಷ್ಟೋ ಕೀಳಾದ ಮೂರು ಚಿತ್ರಗಳೂ ಇದ್ದವು. ಒಂದಂತೂ ಫ್ರಾನ್ಸಿನ ಹಳ್ಳಿಯೊಂದರ ಹಂದಿ ಕೂಗಿನ ಸ್ಪರ್ಧೆಯ ಫೋಟೊ. ಮೆಕ್ಕಾದಲ್ಲಿ ನಡೆದ ಇಸ್ಲಾಮಿಕ್ ರಾಷ್ಟ್ರಗಳ ಶೃಂಗಸಭೆಯಲ್ಲಿ ವಿಷಯ ಚರ್ಚೆಗೆ ಬಂತು. ಜನವರಿ ಕೊನೆಗೆ ಸೌದಿ ಅರೇಬಿಯಾ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಡೆನ್ಮಾರ್ಕ್‌ನ ಹಾಲಿನ ಉತ್ಪನ್ನಗಳ ಸಹಕಾರಿ ಸಂಸ್ಥೆ ಆರ್ಲಾದ ಮಾಲು ಕೊಲ್ಲಿಯ ಅಂಗಡಿಗಳ ಕಪಾಟಿನಿಂದ ಕೆಳಗಿಳಿಯಿತು. ನೋವಾಗಿದ್ದರೆ ಕ್ಷಮಿಸಿ ಎಂದು ಪತ್ರಿಕೆ ಜನವರಿ 30ರಂದು ಕೇಳಿಕೊಂಡಿತು. ಅದರ ಮರುದಿನಗಳಲ್ಲೇ ಫ್ರಾನ್ಸ್, ಜರ್ಮನಿ ಮುಂತಾದ ಕಡೆ ಪತ್ರಿಕೆಗಳು ಬೆಂಬಲ ಸೂಚಿಸಲೆಂದು ಅವೇ ಚಿತ್ರಗಳನ್ನು ಮರುಮುದ್ರಿಸಿದವು. ಫೆಬ್ರವರಿ 4ರಂದು ದಮಾಸ್ಕಸ್‌ನಲ್ಲಿ, 5ರಂದು ಬೈರೂತ್‌ನಲ್ಲಿ ಡೆನ್ಮಾರ್ಕ್‌ನ ರಾಯಭಾರ ಕಚೇರಿಗಳು ಉರಿದವು. ನೈಜೀರಿಯಾ, ಲಿಬಿಯಾ, ಪಾಕಿಸ್ತಾನ, ಅಫ್ಗಾನಿಸ್ತಾನಗಳಲ್ಲೂ ಸೇರಿ ಸತ್ತವರು ನೂರಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಮಂದಿ ಆ ಚಿತ್ರಗಳನ್ನು ಕಣ್ಣಾರೆ ಕಂಡಿದ್ದರೋ ಏನೋ.

ಇಡೀ ಸರಣಿಯಲ್ಲಿ ಒಂದೊಂದು ಹಂತವೂ ಯಾರೋ ಬೇಕೆಂದೇ ತೆಗೆದುಕೊಂಡ ತೀರ್ಮಾನ. ಚಿತ್ರ ತಾನಾಗಿ ನಡೆದು ಹೋಗಲಿಲ್ಲ.

ಮೂರು ಬೇರೆ ಬೇರೆ ದೂರುಗಳು

‘ಭಾವನೆಗೆ ಧಕ್ಕೆ’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಮೂರು ಆಕ್ಷೇಪಗಳು ಸೇರಿಕೊಂಡಿರುತ್ತವೆ. ಇವನ್ನು ಬಿಡಿಸಿ ನೋಡದಿದ್ದರೆ ವಾದ ಮುಂದೆ ಹೋಗುವುದಿಲ್ಲ.

ಮೊದಲನೆಯದು, ಪ್ರವಾದಿಯನ್ನು ಚಿತ್ರಿಸುವುದೇ ನಿಷಿದ್ಧ ಎಂಬುದು. ಇದು ಬಹುಪಾಲು ಸುನ್ನಿ ಮುಸ್ಲಿಮರು ಪಾಲಿಸುವ ನಿಯಮ. ಆದರೂ ಇಸ್ಲಾಮಿನ ಇತಿಹಾಸದುದ್ದಕ್ಕೂ ಹೀಗೇ ಇತ್ತು ಎನ್ನಲಾಗದು. 14ನೇ ಶತಮಾನದ ಆರಂಭದಲ್ಲಿ ಇರಾನ್‌ನ ರಶೀದುದ್ದೀನ್ ಸಿದ್ಧಪಡಿಸಿದ ಚರಿತ್ರೆಯ ಹಸ್ತಪ್ರತಿಗಳಲ್ಲಿ ಪ್ರವಾದಿಯ ಚಿತ್ರಗಳಿವೆ. 16ನೇ ಶತಮಾನದ ಕೊನೆಯ ಆಟೊಮನ್ ಹಸ್ತಪ್ರತಿಗಳಲ್ಲಿ ಮುಖಕ್ಕೆ ಮುಸುಕು ಹಾಕಿ ಚಿತ್ರಿಸಿದ್ದಾರೆ. ಏನೇ ಇರಲಿ, ಒಂದು ಧರ್ಮದವರು ತಮಗೆ ಹಾಕಿಕೊಂಡ ಕಟ್ಟಳೆ ಆ ಧರ್ಮದವರಲ್ಲದವರಿಗೂ ಕಾನೂನಾಗಬೇಕು ಎಂಬ ವಾದ ಜಾತ್ಯತೀತ ರಾಜ್ಯದಲ್ಲಿ ನಿಲ್ಲುವುದು ಕಷ್ಟ.

ಎರಡನೆಯದು, ಪೂಜ್ಯರನ್ನು ಅವಮಾನಿಸಲಾಗಿದೆ ಎಂಬುದು. ಇದು ಎಲ್ಲ ಧರ್ಮದವರೂ ಎತ್ತುವ ದೂರು, ಎಂ.ಎಫ್. ಹುಸೇನರ ಮೇಲೆ ಹಾಕಿದ ಮೊಕದ್ದಮೆಗಳ ಹಿಂದೆಯೂ ಇದೇ ಇತ್ತು. ಮೂರನೆಯದು, ಪೇಟದೊಳಗಿನ ಬಾಂಬು ಪ್ರವಾದಿಯೊಬ್ಬರ ಬಗ್ಗೆ ಅಲ್ಲ, ಮುಸ್ಲಿಮರೆಲ್ಲ ಭಯೋತ್ಪಾದಕರು ಎಂದು ಸಾರುತ್ತಿದೆ ಎಂಬುದು. ಬದುಕಿರುವ ಜನರ ಮೇಲೆ ಹಗೆ ಹುಟ್ಟಿಸುವ ಪ್ರಶ್ನೆ ಇದು. ಯುರೋಪಿನಲ್ಲಿ ವಲಸೆ ಬಂದು ನೆಲೆಸಿದವರಿಗೆ ಕೆಲಸ, ಬಾಡಿಗೆ ಮನೆ ಸಿಗುವುದೂ ಇಂಥ ಅನುಮಾನದ ಮೇಲೆ ನಿಂತಿರುವುದರಿಂದ, ಮೂರರಲ್ಲಿ ಹೆಚ್ಚು ತೂಕವಿರುವ ದೂರು ಇದೇ. ವಿಚಿತ್ರವೆಂದರೆ, ಬೀದಿಯಲ್ಲಿ ಹೆಚ್ಚು ಕೇಳಿಸುವುದು ಮೊದಲ ಎರಡು.

ಚಿತ್ರಕಾರರ ಪರ ನಿಲ್ಲುವವರಲ್ಲೂ ಎರಡು ಗುಂಪು. ಕೊಲೆ ಬೆದರಿಕೆ ಬಂದಾಗ ಪ್ರಕಟಿಸುವುದೇ ಉತ್ತರ, ಸುಮ್ಮನಾದರೆ ಮುಂದಿನ ಸಲ ಬೆದರಿಕೆಯೇ ನಿಯಮವಾಗುತ್ತದೆ ಎನ್ನುವವರು ಒಂದು ಕಡೆ. 2008ರ ಫೆಬ್ರವರಿಯಲ್ಲಿ ವೆಸ್ಟರ್‌ಗಾರ್ಡ್ ಕೊಲೆ ಸಂಚು ಬಯಲಾದ ಮರುದಿನ ಡೆನ್ಮಾರ್ಕ್‌ನ ಹತ್ತಾರು ಪತ್ರಿಕೆಗಳು ಆ ಚಿತ್ರವನ್ನು ಒಟ್ಟಾಗಿ ಮರುಮುದ್ರಿಸಿದ್ದು ಈ ತರ್ಕದ ಮೇಲೆ. ಹಕ್ಕು ಇದೆ ಎಂದಮಾತ್ರಕ್ಕೆ ಪ್ರಕಟಿಸಲೇಬೇಕೆಂದಿಲ್ಲ ಎನ್ನುವವರು ಇನ್ನೊಂದು ಕಡೆ. 2009ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ ಇದೇ ವಿವಾದದ ಕುರಿತ ವಿದ್ವತ್ ಗ್ರಂಥವನ್ನು ಆ ಚಿತ್ರಗಳಿಲ್ಲದೆಯೇ ಹೊರತಂದಿತು. ಎಚ್ಚರಿಕೆ ಎಲ್ಲಿ ಮುಗಿದು ಅಂಜಿಕೆ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಡೆನ್ಮಾರ್ಕ್‌ನ ತಿರುವು

2006ರಲ್ಲಿ ಡೆನ್ಮಾರ್ಕ್‌ನಲ್ಲಿ ಧರ್ಮನಿಂದನೆ ವಿರುದ್ಧದ 140ನೇ ಸೆಕ್ಷನ್ ಜಾರಿಯಲ್ಲಿತ್ತು. ಆದರೂ ಪ್ರಾಸಿಕ್ಯೂಟರ್‌ಗಳು ಮೊಕದ್ದಮೆ ಹೂಡಲಿಲ್ಲ. ಧಾರ್ಮಿಕರು ಗೇಲಿಯನ್ನು ಸಹಿಸಿಕೊಳ್ಳಲೇಬೇಕು ಎಂದು ಪತ್ರಿಕೆ ಬರೆದದ್ದು ಮಾತ್ರ ಕಾನೂನಿನ ಸರಿಯಾದ ವಿವರಣೆಯಲ್ಲ ಎಂದು ಅಲ್ಲಿನ ಮುಖ್ಯ ಪ್ರಾಸಿಕ್ಯೂಟರ್ ಹೇಳಿದ್ದರು. 2017ರ ಜೂನ್‌ನಲ್ಲಿ ಸಂಸತ್ತು ಆ ಸೆಕ್ಷನ್ ಅನ್ನೇ ರದ್ದುಪಡಿಸಿತು. ಕುರಾನ್ ಸುಟ್ಟ ವಿಡಿಯೊ ಹಾಕಿದ ಒಬ್ಬಾತನ ಮೇಲಿದ್ದ ಮೊಕದ್ದಮೆಯೂ ಅದರೊಂದಿಗೆ ಬಿದ್ದುಹೋಯಿತು.

ಆರು ವರ್ಷದಲ್ಲಿ ಗಾಳಿ ಬದಲಾಯಿತು. 2023ರಲ್ಲಿ ಸ್ವೀಡನ್ ಮತ್ತು ಡೆನ್ಮಾರ್ಕ್‌ಗಳಲ್ಲಿ ರಾಯಭಾರ ಕಚೇರಿಗಳ ಎದುರು ಕುರಾನ್ ಸುಡುವುದು ಸರಣಿಯಾಗಿ ನಡೆಯಿತು. ಜುಲೈನಲ್ಲಿ ಬಾಗ್ದಾದಿನ ಸ್ವೀಡನ್ ರಾಯಭಾರ ಕಚೇರಿಗೆ ಬೆಂಕಿ ಬಿತ್ತು. ಅದೇ ತಿಂಗಳು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಧಾರ್ಮಿಕ ದ್ವೇಷ ಖಂಡಿಸುವ ನಿರ್ಣಯವನ್ನು 28–12 ಮತಗಳಿಂದ ಅಂಗೀಕರಿಸಿತು; ಭಾರತವೂ ನಿರ್ಣಯದ ಪರ ಮತ ಹಾಕಿತು. ಡಿಸೆಂಬರ್ 7ರಂದು ಡೆನ್ಮಾರ್ಕ್ ಸಂಸತ್ತು, ಮಾನ್ಯತೆ ಪಡೆದ ಧರ್ಮಗಳ ಪವಿತ್ರ ಗ್ರಂಥಗಳನ್ನು ಬಹಿರಂಗವಾಗಿ ಸುಡುವುದು, ಹರಿಯುವುದು, ತುಳಿಯುವುದನ್ನು 94–77 ಮತಗಳಿಂದ ಅಪರಾಧವಾಗಿಸಿತು. ದಂಡ, ಇಲ್ಲವೇ ಗರಿಷ್ಠ ಎರಡು ವರ್ಷ ಜೈಲು.

ಸರ್ಕಾರ ಆಗಸ್ಟ್‌ನಲ್ಲಿ ಮಂಡಿಸಿದ್ದ ಮೊದಲ ಕರಡು ಧಾರ್ಮಿಕ ಮಹತ್ವದ ‘ವಸ್ತು’ಗಳನ್ನೆಲ್ಲ ಒಳಗೊಂಡಿತ್ತು. ಹಾಗಾದರೆ ಶಿಲುಬೆ ಇಟ್ಟು ಮಾಡಿದ ಕಲಾಕೃತಿಯ ಗತಿಯೇನು ಎಂಬ ಟೀಕೆ ಬಂದ ಮೇಲೆ ಅದನ್ನು ಗ್ರಂಥಗಳಿಗೆ ಮಾತ್ರ ಇಳಿಸಲಾಯಿತು. ಮಾತು, ಬರಹ, ಚಿತ್ರಗಳನ್ನು ಹೊರಗಿಟ್ಟದ್ದು ಉದ್ದೇಶಪೂರ್ವಕ. ಹೀಗಾಗಿ 2005ರ 12 ಚಿತ್ರಗಳು ಇವತ್ತು ಅಚ್ಚಾದರೂ ಈ ಕಾನೂನು ಅನ್ವಯಿಸುವುದಿಲ್ಲ. ಸರ್ಕಾರ ಕೊಟ್ಟ ಮುಖ್ಯ ಕಾರಣ ಭಕ್ತರ ನೋವಲ್ಲ, ದೇಶದ ಭದ್ರತೆ. ವಿರೋಧಿಗಳಿಗೆ ಕಂಡದ್ದೂ ಅದೇ: ಹೊರಗಿನವರು ಕಚೇರಿ ಸುಟ್ಟರೆ ನಾವು ಕಾನೂನು ಬದಲಿಸುತ್ತೇವೆ ಎಂಬ ಸಂದೇಶ ಹೋಯಿತಲ್ಲ?

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಒಂದೇ ದಾರಿಯಲ್ಲಿ ನಡೆದಿಲ್ಲ. ಘಾಸಿಗೊಳಿಸುವ, ಬೆಚ್ಚಿಬೀಳಿಸುವ ಮಾತಿಗೂ ರಕ್ಷಣೆಯಿದೆ ಎಂದು 1976ರಲ್ಲಿ ಹೇಳಿದ ಅದೇ ನ್ಯಾಯಾಲಯ, ಪ್ರವಾದಿಯ ಮದುವೆಯ ಕುರಿತು ಮಾತಾಡಿದ ಆಸ್ಟ್ರಿಯಾದ ಮಹಿಳೆಗೆ ಹಾಕಿದ್ದ 480 ಯೂರೊ ದಂಡವನ್ನು 2018ರಲ್ಲಿ ಎತ್ತಿಹಿಡಿಯಿತು. ಫ್ರಾನ್ಸ್‌ನಲ್ಲಿ ಧರ್ಮನಿಂದನೆ ಎಂಬ ಅಪರಾಧವೇ ಇಲ್ಲ. ಡೆನ್ಮಾರ್ಕ್‌ನ ಚಿತ್ರಗಳನ್ನು ಮರುಮುದ್ರಿಸಿದ್ದ ‘ಷಾರ್ಲಿ ಎಬ್ದೊ’ ಪತ್ರಿಕೆಯನ್ನು ಪ್ಯಾರಿಸ್ ನ್ಯಾಯಾಲಯ 2007ರಲ್ಲಿ ಖುಲಾಸೆ ಮಾಡಿತು. 2015ರ ಜನವರಿ 7ರಂದು ಬಂದೂಕುಧಾರಿಗಳು ಅದರ ಕಚೇರಿಗೆ ನುಗ್ಗಿ 12 ಜನರನ್ನು ಕೊಂದರು. ಕೋರ್ಟಿನ ಖುಲಾಸೆ ಬೀದಿಯಲ್ಲಿ ರಕ್ಷಣೆಯಾಗುವುದಿಲ್ಲ.

295ಎ ಹುಟ್ಟಿದ್ದು ಹೀಗೆ

ಭಾರತದ ಕಾನೂನಿನ ಮೂಲ ಲಾಹೋರ್‌ನಲ್ಲಿದೆ. ಪ್ರವಾದಿಯ ಖಾಸಗಿ ಬದುಕನ್ನು ಗೇಲಿ ಮಾಡಿದ ಒಂದು ಕಿರುಹೊತ್ತಗೆಯ ಪ್ರಕಾಶಕರನ್ನು 1927ರಲ್ಲಿ ಲಾಹೋರ್ ಹೈಕೋರ್ಟ್ ಖುಲಾಸೆಗೊಳಿಸಿತು. ಸಮುದಾಯಗಳ ನಡುವೆ ಹಗೆ ಬಿತ್ತುವುದನ್ನು ತಡೆಯುವ 153ಎ ಸೆಕ್ಷನ್, ಗತಿಸಿದ ಧರ್ಮಗುರುವಿನ ಟೀಕೆಗೆ ಅನ್ವಯಿಸದು ಎಂಬುದು ಅದರ ತರ್ಕ. ಈ ಸಂದನ್ನು ಮುಚ್ಚಲು, ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವಾಗಿಸುವ 295ಎ ಸೆಕ್ಷನ್ ಅದೇ ವರ್ಷ ಭಾರತೀಯ ದಂಡ ಸಂಹಿತೆಗೆ ಸೇರಿತು. ಪ್ರಾಮಾಣಿಕ ಟೀಕಾಕಾರರು ಸಿಕ್ಕಿಕೊಳ್ಳಬಾರದೆಂಬ ಎಚ್ಚರಿಕೆಯ ಮಾತು ಆಗಲೇ ಬಂದಿತ್ತು. ‘ಉದ್ದೇಶಪೂರ್ವಕ ಮತ್ತು ದುರುದ್ದೇಶದ’ ಕೃತ್ಯವಾಗಿರಬೇಕು ಎಂಬ ಷರತ್ತು ಕಾನೂನಿನಲ್ಲೇ ಇದೆ. ಪ್ರಕಾಶಕರನ್ನು ಮಾತ್ರ 1929ರಲ್ಲಿ ಇರಿದು ಕೊಲ್ಲಲಾಯಿತು.

ಈ ಸೆಕ್ಷನ್ ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿದ್ದು ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ. ಅದರ ಬೇರು ಹುಡುಕಿದರೆ 1952ರಲ್ಲಿ ಅಲಹಾಬಾದಿನ ಹಿಂದಿ ದಿನಪತ್ರಿಕೆಯಲ್ಲಿ ಕತ್ತೆಯೊಂದರ ಬಗ್ಗೆ ಬಂದ ‘ಲೇಖನ ಅಥವಾ ವ್ಯಂಗ್ಯಚಿತ್ರ’ ಸಿಗುತ್ತದೆ. ಲೇಖನವೋ ಚಿತ್ರವೋ ಎಂಬುದನ್ನು ತೀರ್ಪೇ ಖಚಿತವಾಗಿ ಹೇಳುವುದಿಲ್ಲ! ಅಪಮಾನವೆಲ್ಲ ಅಪರಾಧವಲ್ಲ, ದುರುದ್ದೇಶದಿಂದ ಮಾಡಿದ ಉಗ್ರ ಸ್ವರೂಪದ್ದು ಮಾತ್ರ ಅಪರಾಧ ಎಂದಿತು ಪೀಠ. ಈಗ ಇದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್. ಗರಿಷ್ಠ ಶಿಕ್ಷೆ ಮೂರು ವರ್ಷ.

ಜರಡಿ ಇರುವುದು ಕೊನೆಯಲ್ಲಿ

ಪುಸ್ತಕದಲ್ಲಿರುವ ಕಾನೂನು ಇಷ್ಟು ಬಿಗಿಯಾಗಿದ್ದರೂ ಚಿತ್ರಕಾರರು ಜೈಲಿಗೆ ಹೋಗುವುದೇಕೆ? ಹಂತಗಳನ್ನು ಕ್ರಮವಾಗಿ ನೋಡಬೇಕು. ಇದು ಸಂಜ್ಞೇಯ, ಜಾಮೀನುರಹಿತ ಅಪರಾಧ. ದೂರು ಬಂದರೆ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಬಹುದು, ವಾರಂಟ್ ಇಲ್ಲದೆ ಬಂಧಿಸಬಹುದು. ಒಂದೇ ಚಿತ್ರಕ್ಕೆ ಐದು ರಾಜ್ಯಗಳಲ್ಲಿ ಐದು ದೂರು ಬರಬಹುದು; ಅವನ್ನು ಒಟ್ಟುಗೂಡಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು. ಸರ್ಕಾರದ ಪೂರ್ವಾನುಮತಿಯಿಲ್ಲದೆ ನ್ಯಾಯಾಲಯ ಈ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂಬ ನಿಯಮವೂ ಇದೆ. ಕ್ಷುಲ್ಲಕ ದೂರುಗಳನ್ನು ಸೋಸಲೆಂದೇ ಇಟ್ಟ ಜರಡಿ ಅದು. ಅಡಚಣೆಯೆಂದರೆ ಅದು ಬರುವುದು ತನಿಖೆಯ ಕೊನೆಗೆ, ಬಂಧನವಾಗುವುದು ಮೊದಲಿಗೆ. ಅನುಮತಿ ಸಿಗದೆ ಪ್ರಕರಣ ಬಿದ್ದುಹೋಗುವ ಹೊತ್ತಿಗೆ ಆರೋಪಿ ಜಾಮೀನಿಗಾಗಿ ಅಲೆದಾಡಿ ಮುಗಿದಿರುತ್ತದೆ.

ಕ್ರಿಕೆಟಿಗ ಎಂ.ಎಸ್. ಧೋನಿ ಪ್ರಕರಣ ಬೆಂಗಳೂರಿಗೂ ಸಂಬಂಧಪಟ್ಟದ್ದು. 2013ರಲ್ಲಿ ವಾಣಿಜ್ಯ ನಿಯತಕಾಲಿಕವೊಂದು ಅವರನ್ನು ವಿಷ್ಣುವಿನ ರೂಪದಲ್ಲಿ, ಕೈತುಂಬ ಜಾಹೀರಾತಿನ ಸರಕು ಹಿಡಿಸಿ ಮುಖಪುಟದಲ್ಲಿ ತೋರಿಸಿತು. ಬೆಂಗಳೂರಿನ ನ್ಯಾಯಾಲಯದಲ್ಲಿ ಖಾಸಗಿ ದೂರು ದಾಖಲಾಯಿತು. ಅದು ಸುಪ್ರೀಂ ಕೋರ್ಟಿನಲ್ಲಿ ರದ್ದಾದದ್ದು 2016ರಲ್ಲಿ. ಅನಂತಪುರದ ಇನ್ನೊಂದು ದೂರು 2017ರಲ್ಲಿ ರದ್ದಾಯಿತು. ಹಣವೂ ಹೆಸರಾಂತ ವಕೀಲರೂ ಇದ್ದವರಿಗೇ ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಸಣ್ಣ ಊರಿನ ಚಿತ್ರಕಾರನ ಪಾಡು ಊಹಿಸಿಕೊಳ್ಳಬಹುದು. ಇಂಥ ಪ್ರಕರಣಗಳಲ್ಲಿ ಪ್ರಕ್ರಿಯೆಯೇ ಶಿಕ್ಷೆ.

2025ರ ಮಾರ್ಚ್‌ನಲ್ಲಿ, ಕವಿತೆಯೊಂದರ ಮೇಲೆ ದೂರು ಎದುರಿಸಿದ ಕವಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಜರಡಿಯನ್ನು ಸ್ವಲ್ಪ ಮುಂದಕ್ಕೆ ತಂದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಮಾತು, ಬರಹ, ಕಲೆಯ ಪ್ರಕರಣಗಳಲ್ಲಿ ಇದನ್ನು ಬಳಸುವುದೇ ಸೂಕ್ತ ಎಂದಿತು ನ್ಯಾಯಾಲಯ. ಮಾತಿನ ಪರಿಣಾಮವನ್ನು ಸದಾ ಅಭದ್ರತೆಯಲ್ಲಿರುವವರ ಅಳತೆಗೋಲಿನಿಂದ ಅಳೆಯಬಾರದು, ಗಟ್ಟಿ ಮನಸ್ಸಿನ ವಿವೇಕಿಯ ಕಣ್ಣಿನಿಂದ ನೋಡಬೇಕು ಎಂದೂ ಹೇಳಿತು.

ಕರಗುತ್ತಿರುವ ಸಮಯ

ಡೆನ್ಮಾರ್ಕ್‌ನಲ್ಲಿ ಪ್ರಕಟಣೆಗೂ ಬೆಂಕಿಗೂ ನಡುವೆ ನಾಲ್ಕು ತಿಂಗಳಿತ್ತು. 2010ರಲ್ಲಿ ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಬುರ್ಖಾ ಕುರಿತ ಅನುವಾದಿತ ಲೇಖನ ‘ಕನ್ನಡಪ್ರಭ’ದಲ್ಲಿ ಬಂದ ಮರುದಿನವೇ, ಮಾರ್ಚ್ 1ರಂದು, ಶಿವಮೊಗ್ಗ ಮತ್ತು ಹಾಸನದಲ್ಲಿ ಗಲಭೆಯಾಗಿ ಇಬ್ಬರು ಸತ್ತರು. ಆ ಪತ್ರಿಕೆಗೆ ತಾವು ಬರೆದೇ ಇಲ್ಲ ಎಂದು ಲೇಖಕಿ ಹೇಳಿದ್ದು ಆಮೇಲೆ. 2020ರ ಆಗಸ್ಟ್ 11ರಂದು ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಫೇಸ್‌ಬುಕ್ ಪೋಸ್ಟ್ ಒಂದರಿಂದ ಠಾಣೆಗೆ ಬೆಂಕಿ ಬೀಳಲು ಕೆಲವೇ ಗಂಟೆ ಸಾಕಾಯಿತು; ಪೊಲೀಸರ ಗುಂಡಿಗೆ ಮೂವರು ಬಲಿಯಾದರು.

ಸಮಯ ಕುಗ್ಗಿದಷ್ಟೂ ಬಂಧನದ ಉದ್ದೇಶ ಬದಲಾಗುತ್ತದೆ. ಠಾಣೆ ಎದುರು ಸಾವಿರ ಜನ ಸೇರಿದಾಗ ಇನ್‌ಸ್ಪೆಕ್ಟರ್ ‘ದುರುದ್ದೇಶವಿತ್ತೇ’ ಎಂದು ಯೋಚಿಸುತ್ತ ಕೂರಲಾರರು. ಗುಂಪು ಚದುರಿಸಲು ಅವರ ಬಳಿಯಿರುವ ಅಗ್ಗದ ಉಪಾಯವೆಂದರೆ, ಬರೆದವನನ್ನು ಹಿಡಿದಿದ್ದೇವೆ ಎಂದು ಹೇಳುವುದು. ಇಸ್ತಾಂಬುಲ್‌ನ ವಿಡಿಯೊ ಕೂಡ ಇದನ್ನೇ ಹೇಳುತ್ತಿತ್ತು. ಗುಂಪು ಇದರಿಂದ ಪಾಠ ಕಲಿಯುತ್ತದೆ: ಹೆಚ್ಚು ಜನ ಸೇರಿಸಿದರೆ ಬೇಗ ಬಂಧನ. ಮುಂದಿನ ಸಲ ಇನ್ನೊಂದು ಧರ್ಮದವರೂ ಅದೇ ಲೆಕ್ಕ ಹಾಕುತ್ತಾರೆ. ಹಿಂಸೆಯ ಬೆದರಿಕೆಯಿದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ರಕ್ಷಣೆ ಕೊಡುವುದೇ ಸರ್ಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಠಾಣೆಯ ಮಟ್ಟದಲ್ಲಿ ಆ ತೀರ್ಪು ನೆನಪಾಗುವುದು ಅಪರೂಪ.

ಸಂಪಾದಕರ ಮೇಜಿನಲ್ಲಿ

ಪ್ರಕಟಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕಾನೂನಿನವಷ್ಟೇ ಅಲ್ಲ. ಚಿತ್ರವೇ ಸುದ್ದಿಯೋ, ಚಿತ್ರವಿಲ್ಲದೆಯೂ ಸುದ್ದಿ ಅರ್ಥವಾಗುತ್ತದೆಯೋ? ಗೇಲಿ ಯಾರದ್ದು: ಅಧಿಕಾರ ನಡೆಸುವ ಧರ್ಮಗುರುವಿನದೋ, ದಿನಗೂಲಿಗೆ ಹೋಗುವ ಭಕ್ತನದೋ? ಪಕ್ಕದ ಲೇಖನವನ್ನೂ ಅಡಿಬರಹವನ್ನೂ ಕತ್ತರಿಸಿ, ಚಿತ್ರವನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಏನು ಅರ್ಥ ಬರುತ್ತದೆ? ಲೆಮಾನ್ ಎಡವಿದ್ದು ಇಲ್ಲೇ. ಹೆಸರಿನ ದ್ವಂದ್ವಾರ್ಥವನ್ನು ಬಿಡಿಸಿ ಹೇಳುವ ಒಂದು ಸಾಲೂ ಚಿತ್ರದೊಳಗೆ ಇರಲಿಲ್ಲ. ಅನುವಾದವಾದರೆ ಮೂಲ ಲೇಖಕರ ಒಪ್ಪಿಗೆ ಬರಹದಲ್ಲಿದೆಯೇ? ಸ್ಪಷ್ಟನೆ ಕೊಡಬೇಕಾಗಿ ಬಂದರೆ ಅರ್ಧ ಗಂಟೆಯಲ್ಲಿ ಕೊಡುವವರು ಯಾರು? ಊರಿನ ವರದಿಗಾರನಿಗೆ, ಪತ್ರಿಕೆ ಹಾಕುವ ಹುಡುಗನಿಗೆ ಏನು ರಕ್ಷಣೆ? ಕಲ್ಲು ಬೀಳುವುದು ಸಾಮಾನ್ಯವಾಗಿ ಅವರ ಮೇಲೆ.

ಹಗೆ ಮಾತನ್ನು ಅಳೆಯಲು ವಿಶ್ವಸಂಸ್ಥೆಯ ಆಶ್ರಯದಲ್ಲಿ 2012ರಲ್ಲಿ ರೂಪುಗೊಂಡ ರಬಾತ್ ಯೋಜನೆಯ ಆರು ಅಂಶಗಳು ಈ ಮೇಜಿಗೂ ಉಪಯುಕ್ತ: ಸಂದರ್ಭ, ಹೇಳಿದವರ ಸ್ಥಾನಮಾನ, ಉದ್ದೇಶ, ಹೂರಣ ಮತ್ತು ರೂಪ, ಎಷ್ಟು ಜನರನ್ನು ಮುಟ್ಟುತ್ತದೆ, ಹಾನಿಯಾಗುವ ಸಂಭವ. ಆರೂ ಒಟ್ಟಿಗೆ ತೂಗಿದಾಗ ಮಾತ್ರ ಅಪರಾಧ. ‘ನನಗೆ ನೋವಾಯಿತು’ ಎಂಬುದು ಈ ಪಟ್ಟಿಯಲ್ಲಿಲ್ಲ.

ಕರ್ನಾಟಕದಲ್ಲಿ ಗಮನಿಸಬೇಕಾದ್ದು

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯನ್ನು ಅಂಗೀಕರಿಸಿತು. ಸಮುದಾಯದ ಮೇಲಿನ ಹಗೆ ಎಂಬ ಮೂರನೇ ಬಗೆಯ ದೂರಿಗೆ ಪ್ರತ್ಯೇಕ ಕಾನೂನು ಬೇಕೆನ್ನುವುದಕ್ಕೆ ಕಾರಣಗಳಿವೆ. ಆದರೆ ಅದರಲ್ಲಿನ ಶಿಕ್ಷೆಯ ಪ್ರಮಾಣವನ್ನು ಸುಪ್ರೀಂ ಕೋರ್ಟ್ ಹೇಳಿದ 14 ದಿನದ ವಿಚಾರಣೆಯ ಪಕ್ಕದಲ್ಲಿಟ್ಟು ಓದಬೇಕು. ಆ ಅವಕಾಶ ಇರುವುದು ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ. ಮಸೂದೆಯಲ್ಲಿ ಮೊದಲ ಅಪರಾಧಕ್ಕೇ ಗರಿಷ್ಠ ಶಿಕ್ಷೆ ಏಳು ವರ್ಷ. ಅಕ್ಷರಶಃ ಓದಿದರೆ, ಈ ಕಾನೂನಿನಡಿ ದೂರು ಬಂದಾಗ ಎಫ್‌ಐಆರ್‌ಗೆ ಮೊದಲಿನ ಆ ಜರಡಿ ಸಿಗುವುದಿಲ್ಲ. ಗರಿಷ್ಠ ಮಿತಿಯನ್ನು ಏಳರಿಂದ ಕೆಳಗಿಳಿಸಿದರೆ, ಇಲ್ಲವೇ ಪ್ರಾಥಮಿಕ ವಿಚಾರಣೆ ಕಡ್ಡಾಯ ಎಂಬ ಒಂದು ಉಪವಿಧಿ ಸೇರಿಸಿದರೆ ಆ ಕೊರತೆ ತುಂಬುತ್ತದೆ.